ಹಾಡಿನ ಚಿತ್ರಕ್ಕೆ ಮೊದಲು ಬೇಕಾದುದೇನು?

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ನಮ್ಮ ಕಾಲೇಜಿನ ಸಾಂಸ್ಕೃತಿಕ ಸಂಘದ ಮುಂದೆ ಈ ವರ್ಷ ಒಂದು ಪ್ರಶ್ನೆ ಬಂದು ನಿಂತಿದೆ. ಎರಡು ವರ್ಷಗಳಿಂದ ವಿದ್ಯಾರ್ಥಿಗಳು ಕೊಟ್ಟ ವಂತಿಗೆಯೂ ಹಳೆಯ ವಿದ್ಯಾರ್ಥಿಗಳು ಅಭಿಮಾನದಿಂದ ಕಳಿಸಿದ ಹಣವೂ ಸೇರಿ ಒಂದು ಪುಟ್ಟ ಗಂಟು ಕೂಡಿದೆ. ತಿಳವಳ್ಳಿಯ ಸುತ್ತುಮುತ್ತಲ ಹಳ್ಳಿಗಳ ಪದಗಳನ್ನು ಒಳ್ಳೆಯ ಹಾಡಿನ ಚಿತ್ರಗಳನ್ನಾಗಿ ಮಾಡಿ ಯೂಟ್ಯೂಬಿಗೆ ಏರಿಸಬೇಕೆಂಬುದು ಎಲ್ಲರ ಆಸೆ. ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಹಣದಿಂದ ಏನನ್ನು ಕೊಳ್ಳಬೇಕು ಎಂಬಲ್ಲಿ ಸಂಘ ಎರಡು ಪಕ್ಷವಾಗಿದೆ. ಬಹುಮತದ ಪಕ್ಷ ‘ಕ್ಯಾಮೆರಾ’ ಎನ್ನುತ್ತದೆ. ಅಲ್ಪಮತದ ಪಕ್ಷದಲ್ಲಿ ಸದ್ಯಕ್ಕೆ ನಾನೂ ನನ್ನ ಇಬ್ಬರು ಗೆಳೆಯರೂ ಮಾತ್ರ ಇದ್ದೇವೆ. ಸಭೆಯಲ್ಲಿ ನನಗೆ ಐದು ನಿಮಿಷ ಮಾತನಾಡಲು ಅವಕಾಶ ಸಿಕ್ಕಿತ್ತು. ಅದರಲ್ಲಿ ಮೂರು ನಿಮಿಷ ಸಭಿಕರ ನಗೆಯಲ್ಲಿಯೇ ಕಳೆದುಹೋಯಿತು. ಆದುದರಿಂದ ಸಂಪಾದಕ ಗುರುಗಳ ಅನುಮತಿ ಪಡೆದು, ನಗುವವರು ಸಾವಕಾಶವಾಗಿ ನಗಲೆಂದು, ನನ್ನ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ: ಕ್ಯಾಮೆರಾವನ್ನು ಕೊಳ್ಳುವುದು ಬೇಡ, ಬೇಕಾದಾಗ ಬಾಡಿಗೆಗೆ ತರೋಣ. ಕೊಳ್ಳುವುದಾದರೆ ಮೈಕನ್ನೂ ಧ್ವನಿ ಹಿಡಿಯುವ ರೆಕಾರ್ಡರನ್ನೂ ಕೊಳ್ಳೋಣ.

ಇದು ಕೇವಲ ವಾದಕ್ಕಾಗಿ ಹೂಡಿದ ವಾದವಲ್ಲ. ಕಳೆದ ವರ್ಷ ದೀಪಾವಳಿಯ ರಜೆಯಲ್ಲಿ ನಾವು ನಾಲ್ವರು ಗೆಳೆಯರು ಒಂದು ಹಾಡಿನ ಚಿತ್ರ ಮಾಡಲು ಹೊರಟೆವು. ನಮ್ಮಲ್ಲಿ ಒಬ್ಬನ ಅಜ್ಜಿ ಬೀಸುವ ಪದಗಳನ್ನು ಹಾಡುತ್ತಾರೆ. ವಯಸ್ಸು ಎಂಬತ್ತರ ಮೇಲೆ. ಹಿಟ್ಟಿನ ಗಿರಣಿ ಊರಿಗೆ ಬಂದು ಎಷ್ಟೋ ಕಾಲವಾದರೂ ಅವರ ಪಡಸಾಲೆಯ ಮೂಲೆಯಲ್ಲಿ ಬೀಸುವ ಕಲ್ಲು ಇನ್ನೂ ಇದೆ. ಹಬ್ಬಕ್ಕೊಮ್ಮೆಯಾದರೂ ಅದಕ್ಕೆ ಕೈ ಹಚ್ಚದೆ ಅವರು ಬಿಡುವುದಿಲ್ಲ. ನಾವು ನಾಲ್ವರೂ ಹಣ ಕೂಡಿಸಿ, ಪಟ್ಟಣದ ಅಂಗಡಿಯೊಂದರಿಂದ ಎರಡು ದಿನಕ್ಕೆ ದೊಡ್ಡ ಕ್ಯಾಮೆರಾವೊಂದನ್ನು ಬಾಡಿಗೆಗೆ ತಂದೆವು. ಅದನ್ನು ಚೀಲದಿಂದ ಹೊರಗೆ ತೆಗೆದಾಗ ಓಣಿಯ ಹುಡುಗರೆಲ್ಲ ಸುತ್ತ ನೆರೆದರು. ಆ ಕ್ಷಣದಲ್ಲಿ ನಮಗೆ ಉಂಟಾದ ಹೆಮ್ಮೆಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಚಿತ್ರವೇನೋ ಸೊಗಸಾಗಿ ಬಂದಿತು. ಬಾಗಿಲಿನಿಂದ ಬೀಳುವ ಬೆಳಕಿನಲ್ಲಿ ಅಜ್ಜಿಯ ಮುಖದ ಒಂದೊಂದು ಗೆರೆಯೂ, ಗೂಟ ಹಿಡಿದ ಕೈಯೂ, ಕಲ್ಲಿನ ಬಾಯಿಂದ ಉದುರುವ ಹಿಟ್ಟೂ ಕಣ್ಣಿಗೆ ಕಟ್ಟುವಂತಿದ್ದುವು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ ಕೇಳಿದಾಗ ನಮ್ಮ ಮುಖ ಬಾಡಿತು. ಧ್ವನಿಯನ್ನು ಹಿಡಿದದ್ದು ಕ್ಯಾಮೆರಾದ ಹಣೆಯ ಮೇಲಿರುವ ಕಾಳಿನಷ್ಟು ದೊಡ್ಡ ಮೈಕು. ಕ್ಯಾಮೆರಾ ಇದ್ದದ್ದು ಅಜ್ಜಿಯಿಂದ ಹತ್ತು ಅಡಿ ದೂರದಲ್ಲಿ. ಅದಕ್ಕೆ ಮೊದಲು ಕೇಳಿಸಿದ್ದು ಹಿಂದಿನ ಓಣಿಯ ಗಿರಣಿ. ಆಮೇಲೆ ಕಲ್ಲಿನ ಗುಡುಗು. ಆಮೇಲೆ ಒಂದು ಟ್ರ್ಯಾಕ್ಟರು, ಒಂದು ಕೋಳಿ. ಇವೆಲ್ಲದರ ಅಡಿಯಲ್ಲಿ ಎಲ್ಲಿಯೋ ಬಾವಿಯೊಳಗಿಂದ ಬಂದಂತೆ ಅಜ್ಜಿಯ ಪದ.

ಆಗ ಯಾರೋ ಒಂದು ಉಪಾಯ ಸೂಚಿಸಿದರು. ಸಾಹಿತ್ಯ ಗೊತ್ತಿದೆಯಷ್ಟೆ, ಸ್ಟುಡಿಯೋದಲ್ಲಿ ಬೇರೆ ಗಾಯಕಿಯಿಂದ ಹಾಡಿಸಿ, ಕೀಬೋರ್ಡು ಸೇರಿಸಿ, ಚಿತ್ರದ ಮೇಲೆ ಕೂಡಿಸಿದರಾಯಿತು. ಹಾಗೆಯೇ ಮಾಡಿದೆವು. ನೋಡಿದವರು ಹೊಗಳಿದರು. ತರಗತಿಯಲ್ಲಿ ನಾಲ್ಕು ದಿನ ನಾವು ದೊಡ್ಡ ಮನುಷ್ಯರಾದೆವು. ಸಂಕ್ರಾಂತಿಯ ಹೊತ್ತಿಗೆ ಗೆಳೆಯ ತನ್ನ ಫೋನಿನಲ್ಲಿ ಅದನ್ನು ಅಜ್ಜಿಗೆ ತೋರಿಸಿದ. ಅವರು ಕೊನೆಯವರೆಗೆ ನೋಡಿ, ಫೋನನ್ನು ಹಿಂದಕ್ಕೆ ಕೊಟ್ಟು, “ಮಾರಿ ನಂದ ಐತಿ ತಮ್ಮಾ. ಪದಾ ಯಾರದು?” ಎಂದು ಕೇಳಿದರಂತೆ. ಅವನು ಏನು ಉತ್ತರ ಕೊಟ್ಟನೋ ನನಗೆ ಹೇಳಲಿಲ್ಲ. ಆ ಚಿತ್ರವನ್ನು ಆಮೇಲೆ ನಾವೇ ತೆಗೆದುಹಾಕಿದೆವು.

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು.

ತಪ್ಪು ಎಲ್ಲಿ ಆಯಿತೆಂಬುದನ್ನು ಸ್ವಲ್ಪ ವಿಚಾರ ಮಾಡೋಣ. ಕಣ್ಣಿಗೆ ದೂರದ ವಸ್ತುವನ್ನು ಲೆನ್ಸು ಹತ್ತಿರಕ್ಕೆ ತರಬಲ್ಲುದು. ಕಿವಿಗೆ ಅಂಥ ಲೆನ್ಸು ಇಲ್ಲ. ಬಯಲಿನಲ್ಲಿ ಧ್ವನಿಯ ಮೂಲದಿಂದ ದೂರ ಎರಡರಷ್ಟಾದಂತೆಲ್ಲ ಮೈಕಿಗೆ ತಲುಪುವ ಧ್ವನಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ತಜ್ಞರ ಭಾಷೆಯಲ್ಲಿ ಹೇಳಬೇಕಾದರೆ 6 ಡೆಸಿಬೆಲ್ ಕಡಿಮೆಯಾಗುತ್ತದೆ. ಒಂದು ಅಡಿಯಲ್ಲಿ ಸಿಗುವ ಒತ್ತಡದ ಹತ್ತನೆಯ ಒಂದು ಪಾಲು ಮಾತ್ರ ಹತ್ತು ಅಡಿಯಲ್ಲಿ ಸಿಗುತ್ತದೆ. ಹಿಂದಿನ ಓಣಿಯ ಗಿರಣಿಯಾದರೋ ಮೈಕು ಪಡಸಾಲೆಯಲ್ಲಿ ಎಲ್ಲಿದ್ದರೂ ಅಷ್ಟೇ ದೂರ, ಅಷ್ಟೇ ಸದ್ದು. ಮೈಕನ್ನು ಹಿಂದಕ್ಕೆ ಸರಿಸಿದರೆ ಅಜ್ಜಿ ಕ್ಷೀಣಿಸುತ್ತಾರೆ, ಗಿರಣಿ ಹಾಗೆಯೇ ಉಳಿಯುತ್ತದೆ. ಆದುದರಿಂದ ಲಕ್ಷ ರೂಪಾಯಿಯ ಕ್ಯಾಮೆರಾದ ಮೇಲೆ ಕೂತು ಹತ್ತು ಅಡಿ ದೂರದಲ್ಲಿರುವ ಮೈಕಿಗಿಂತ, ಹಾಡುವವರ ಬಾಯಿಗೆ ಒಂದಡಿ ಸಮೀಪದಲ್ಲಿರುವ ಸಾಧಾರಣ ಮೈಕೇ ಮೇಲು. ಈ ಒಂದು ಸಂಗತಿ ಗೊತ್ತಿದ್ದಿದ್ದರೆ ನಮ್ಮ ಹಣವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

ಇನ್ನೊಂದು ಸೋಜಿಗ. ಅಂದು ಪಡಸಾಲೆಯಲ್ಲಿ ಕೂತ ನಮ್ಮಲ್ಲಿ ಒಬ್ಬರಿಗೂ ಗಿರಣಿಯ ಸದ್ದು ಕೇಳಿಸಿರಲಿಲ್ಲ! ಮನುಷ್ಯನ ಕಿವಿ ಬೇಡವಾದುದನ್ನು ಬಿಟ್ಟು ಬೇಕಾದುದನ್ನು ಆರಿಸಿಕೊಳ್ಳುತ್ತದೆ. ಮೈಕಿಗೆ ಆ ವಿವೇಕವಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನು ಹಾಕಿಕೊಂಡು ಯಾರಾದರೊಬ್ಬರು ಕೇಳುತ್ತ ಕೂತಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಕೊಳ್ಳುವ ಸಾಮಾನುಗಳ ಪಟ್ಟಿಯಲ್ಲಿ ನಾನು ಮೊದಲು ಬರೆಯುವುದು ಈ ಹೆಡ್‌ಫೋನನ್ನೇ.

ಹಾಡಿನ ಚಿತ್ರದಲ್ಲಿ ಹಾಡು ಮೊದಲೋ ಚಿತ್ರ ಮೊದಲೋ ಎಂದು ಯಾರಾದರೂ ಕೇಳಿದರೆ, ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ತೀರಿಕೊಂಡದ್ದು 1889ರಲ್ಲಿ. ಎಡಿಸನ್ನನು ಧ್ವನಿಯನ್ನು ಹಿಡಿದಿಡುವ ಫೋನೋಗ್ರಾಫನ್ನು ಕಂಡುಹಿಡಿದದ್ದು 1877ರಲ್ಲಿ. ಎಂದರೆ ಆ ಯಂತ್ರ ಹುಟ್ಟಿದ ಮೇಲೂ ಶರೀಫರು ಹನ್ನೆರಡು ವರ್ಷ ಹಾಡುತ್ತಿದ್ದರು. ಆದರೆ ಅಮೆರಿಕೆಯ ಆ ಯಂತ್ರವೆಲ್ಲಿ, ಶಿಶುನಾಳದ ಅಗಸಿ ಬಾಗಿಲೆಲ್ಲಿ! ಅವರ ಪದಗಳು ಬಾಯಿಂದ ಬಾಯಿಗೆ ಉಳಿದುಬಂದವು, ಸಿ. ಅಶ್ವಥ್ ಅವರ ಕಂಠದಿಂದ ನಾಡಿನ ಮನೆಮನೆಗೆ ಹೋದವು. 1990ರಲ್ಲಿ ನಾಗಾಭರಣರು ‘ಸಂತ ಶಿಶುನಾಳ ಶರೀಫ’ ಚಲಚ್ಚಿತ್ರವನ್ನು ಮಾಡಿ ಅವರಿಗೊಂದು ಮುಖವನ್ನೂ ಕೊಟ್ಟರು. ಮುಖವನ್ನು ನಟನೊಬ್ಬ ಕೊಡಬಲ್ಲ. ಆದರೆ ಶರೀಫರು ತಮ್ಮ ಪದವನ್ನು ಯಾವ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಿದ್ದರು, ಎಲ್ಲಿ ಉಸಿರು ನಿಲ್ಲಿಸುತ್ತಿದ್ದರು ಎಂಬುದನ್ನು ಈಗ ಯಾರು ತಾನೆ ಕೊಟ್ಟಾರು?

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನೆರೆಯಲ್ಲಿಯೇ ಇದೆ. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಕೇಳಿ ಮರುಳಾಗಿ, ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತು. ಆಗ ಅವರಿಗೆ ಹನ್ನೊಂದು ವರ್ಷ. ಆ ಕರಿಯ ತಟ್ಟೆಯಲ್ಲಿ ಖಾನಸಾಹೇಬರ ಮುಖವಿರಲಿಲ್ಲ, ಕಣ್ಣು ಕುಕ್ಕುವ ಬಣ್ಣವಿರಲಿಲ್ಲ. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಧ್ವನಿ ಮಾತ್ರ ಇತ್ತು. ನಮ್ಮ ತಾಲೂಕಿನ ಹೆಸರನ್ನು ತಮ್ಮ ಹೆಸರಿನೊಡನೆ ಜಗತ್ತಿಗೆಲ್ಲ ಕೇಳಿಸಿದ ಗಂಗೂಬಾಯಿ ಹಾನಗಲ್ಲರ (1913-2009) ಎಳೆಯ ವಯಸ್ಸಿನ ಕಂಠವನ್ನು, ಮುಂದೆ ಅದು ಗಡುಸಾಗಿ ಬದಲಾಗುವ ಮೊದಲು ಹೇಗಿತ್ತೆಂಬುದನ್ನು, ನಾವು ಇಂದು ಕೇಳಬಹುದಾದರೆ ಅದಕ್ಕೂ ಕಾರಣ 1930ರ ದಶಕದ ಅಂಥ ತಟ್ಟೆಗಳೇ.

ನನ್ನ ಎದುರು ಪಕ್ಷದ ಮಿತ್ರರು ಇದಕ್ಕೆ ಒಂದು ಜಾಣ ಉತ್ತರ ಕೊಡುತ್ತಾರೆ. “ಸಿನಿಮಾದವರು ಹಾಡನ್ನು ಮೊದಲೇ ಸ್ಟುಡಿಯೋದಲ್ಲಿ ಮುದ್ರಿಸಿ, ಆಮೇಲೆ ಚಿತ್ರ ತೆಗೆಯುವಾಗ ಅದನ್ನು ಗಟ್ಟಿಯಾಗಿ ಹಾಕಿ ನಟರಿಂದ ತುಟಿ ಆಡಿಸುತ್ತಾರೆ. ನಾವೂ ಹಾಗೆ ಮಾಡಿದರಾಯಿತು. ಮೈಕು ಏಕೆ?” ಎಂಬುದು ಅವರ ವಾದ. ಮಾತು ಸುಳ್ಳಲ್ಲ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದಾಗ ನಟರು ತಾವೇ ಹಾಡಬೇಕಾಗಿತ್ತು. ಮರುವರ್ಷ ಕಲಕತ್ತೆಯಲ್ಲಿ ಹಿನ್ನೆಲೆ ಗಾಯನ ಬಳಕೆಗೆ ಬಂದು, ಅಂದಿನಿಂದ ಇಂದಿನವರೆಗೆ ಅದೇ ರೂಢಿ ನಡೆದಿದೆ. ನಮ್ಮ ಕಾಲೇಜಿನ ಹುಡುಗರು ತಾವೇ ಕಟ್ಟಿದ ಹೊಸ ಹಾಡಿಗೆ ಚಿತ್ರ ಮಾಡುವುದಾದರೆ ಈ ಕ್ರಮವೇ ಸರಿ. ಇದರಲ್ಲಿ ಒಂದು ಮೋಜಿನ ಉಪಾಯವೂ ಉಂಟು. ನಡಿಗೆ ಕನಸಿನಂತೆ ನಿಧಾನವಾಗಿ ಕಾಣಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿ ಹೊಂದಬೇಕು ಎಂದಿದ್ದರೆ, ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಿ, ಸೆಕೆಂಡಿಗೆ 50 ಚೌಕಟ್ಟುಗಳಂತೆ ಚಿತ್ರ ತೆಗೆದು, ಆಮೇಲೆ ಅದನ್ನು 25ಕ್ಕೆ ಇಳಿಸಬೇಕು. ಹಾಡುವ ಹುಡುಗನು ಹುಚ್ಚನಂತೆ ತುಟಿ ಬಡಿಯುವುದನ್ನು ನೋಡಿ ಅಂದು ಎಲ್ಲರೂ ನಗುತ್ತಾರೆ. ಚಿತ್ರದಲ್ಲಿ ಅವನು ಗಂಧರ್ವನಂತೆ ಕಾಣುತ್ತಾನೆ.

ಆದರೆ ಅಜ್ಜಿಗೆ ಇದು ಸಲ್ಲುತ್ತದೆಯೇ? ಬೀಸುವ ಪದಕ್ಕೆ ತಾಳ ಹಾಕುವುದು ಕಲ್ಲು. ಜೋಳ ಗಟ್ಟಿಯಿದ್ದರೆ ಕಲ್ಲು ಮೆಲ್ಲಗೆ ತಿರುಗುತ್ತದೆ, ಪದವೂ ಮೆಲ್ಲಗಾಗುತ್ತದೆ. ತೋಳು ದಣಿದರೆ ಒಂದು ನುಡಿಗೂ ಇನ್ನೊಂದಕ್ಕೂ ನಡುವೆ ಬಿಡುವು ಬೀಳುತ್ತದೆ. ನೆನಪಾದರೆ ಹೊಸದೊಂದು ನುಡಿ ನಡುವೆ ಬಂದು ಸೇರುತ್ತದೆ. ಒಮ್ಮೆ ಹಾಡಿದಂತೆ ಅವರು ಮತ್ತೊಮ್ಮೆ ಹಾಡುವುದಿಲ್ಲ. ತಮ್ಮದೇ ಹಾಡಿಗೆ ತಾವೇ ತುಟಿ ಆಡಿಸಿರೆಂದು ಅವರಿಗೆ ಹೇಳಿದರೆ ಒಂದು ಸಾಲೂ ಹೊಂದಲಾರದು. ಹಂತಿಯ ಪದ, ಸೋಬಾನದ ಪದ, ರಾತ್ರಿಯ ಭಜನೆ, ಡೊಳ್ಳಿನ ಪದ, ಎಲ್ಲವುಗಳ ಗತಿಯೂ ಇದೇ. ಇವುಗಳನ್ನು ಹಾಡುವಾಗಲೇ, ಹಾಡುವಲ್ಲಿಯೇ ಹಿಡಿಯಬೇಕು. ಸಿನಿಮಾದವರ ರೂಢಿಯನ್ನು ಕಣ್ಣು ಮುಚ್ಚಿ ಅನುಸರಿಸಿದ್ದರಿಂದಲೇ ನಾವು ಬೇರೆಯವರ ಕಂಠವನ್ನು ಅಜ್ಜಿಯ ಮುಖಕ್ಕೆ ಅಂಟಿಸುವ ಅವಿವೇಕಕ್ಕೆ ಇಳಿದೆವು.

ಈಗ ಸಾಮಾನುಗಳ ವಿಚಾರಕ್ಕೆ ಬರುತ್ತೇನೆ. ಬೆಲೆಗಳು ತಿಂಗಳಿಗೊಮ್ಮೆ ಬದಲಾಗುವುದರಿಂದ ಅವನ್ನು ಇಲ್ಲಿ ಬರೆದು ಪ್ರಯೋಜನವಿಲ್ಲ. ಗಂಟಿನಲ್ಲಿ ನೂರು ರೂಪಾಯಿ ಇದೆಯೆಂದು ಭಾವಿಸಿದರೆ, ನಾನು ನಲವತ್ತನ್ನು ಧ್ವನಿಗೂ ಇಪ್ಪತ್ತನ್ನು ಬೆಳಕಿಗೂ ಹದಿನೈದನ್ನು ಗಟ್ಟಿಮುಟ್ಟಾದ ಟ್ರೈಪಾಡಿಗೂ ಹತ್ತನ್ನು ಕಾರ್ಡು ಮತ್ತು ಹಾರ್ಡ್ ಡಿಸ್ಕುಗಳಿಗೂ ಇಟ್ಟು, ಉಳಿದ ಹದಿನೈದನ್ನು ಕ್ಯಾಮೆರಾದ ಬಾಡಿಗೆಗೆ ಬಿಡುತ್ತೇನೆ.

ಧ್ವನಿಯ ನಲವತ್ತರಲ್ಲಿ ಏನೇನು ಬರುತ್ತದೆ? ಅಂಗೈಯಲ್ಲಿ ಹಿಡಿಯಬಹುದಾದ, ಎರಡು ಮೈಕುಗಳನ್ನು ಸಿಕ್ಕಿಸಲು ಬರುವ ಒಂದು ರೆಕಾರ್ಡರು. ಈಚೆಗೆ ‘32 ಬಿಟ್ ಫ್ಲೋಟ್’ ಎಂಬ ರೀತಿಯಲ್ಲಿ ಮುದ್ರಿಸುವ ರೆಕಾರ್ಡರುಗಳು ಬಂದಿವೆ. ಅವುಗಳಲ್ಲಿ ಧ್ವನಿಯ ಮಟ್ಟವನ್ನು ಮೊದಲೇ ಹದ ಮಾಡಿಡುವ ಗೊಂದಲವಿಲ್ಲ. ಗುನುಗುವ ಅಜ್ಜಿಯೂ ಥಟ್ಟನೆ ಬೀಳುವ ಡೊಳ್ಳಿನ ಪೆಟ್ಟೂ ಒಂದೇ ಮುದ್ರಣದಲ್ಲಿ ಕೆಡದೆ ಉಳಿಯುತ್ತವೆ. ನಮ್ಮಂಥ ಹೊಸಬರಿಗೆ ಇದು ದೊಡ್ಡ ಆಸರೆ. ಆದರೂ ಮೈಕನ್ನೇ ಡೊಳ್ಳಿನ ಚರ್ಮಕ್ಕೆ ತಾಗುವಂತೆ ಇಟ್ಟರೆ ಯಾವ ರೆಕಾರ್ಡರೂ ಕಾಪಾಡಲಾರದು. ಚಿತ್ರದೊಡನೆ ಕೂಡಿಸುವ ಧ್ವನಿಯನ್ನು 48 ಕಿಲೋಹರ್ಟ್ಸಿನಲ್ಲಿ ಮುದ್ರಿಸುವುದು ಎಲ್ಲೆಡೆಯ ಪದ್ಧತಿ. ಅದನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು.

ಮೈಕುಗಳಲ್ಲಿ ಎರಡು ಜಾತಿ. ಡೈನಮಿಕ್ ಎಂಬುದು ಒರಟು, ಗಟ್ಟಿ. ಬಾಯಿಗೆ ಸಮೀಪ ಹಿಡಿದು ಹಾಡಿದರೆ ಸುತ್ತಲಿನ ಗದ್ದಲವನ್ನು ಅಷ್ಟಾಗಿ ಒಳಗೆ ಬಿಡದು. ಭಜನಾ ಮೇಳಕ್ಕೆ ಇದೇ ಸರಿ. ಕಂಡೆನ್ಸರ್ ಎಂಬುದು ನಾಜೂಕಿನದು; ರೆಕಾರ್ಡರಿನಿಂದ 48 ವೋಲ್ಟಿನ ವಿದ್ಯುತ್ತು ಬೇಡುತ್ತದೆ; ಉಸಿರು, ಬಳೆ, ಹಿಟ್ಟು ಉದುರುವ ಸದ್ದು ಸಹ ಅದಕ್ಕೆ ಕೇಳುತ್ತದೆ. ಬೀಸುವ ಪದಕ್ಕೆ ಕಾಲರಿಗೆ ಸಿಕ್ಕಿಸುವ ಮೈಕು ಬೇಡ. ಸೆರಗು ಉಜ್ಜುವ ಸದ್ದೇ ತುಂಬಿಬಿಡುತ್ತದೆ. ಕಂಡೆನ್ಸರ್ ಮೈಕನ್ನು ಒಂದು ಬಿದಿರುಗಳದ ತುದಿಗೆ ಕಟ್ಟಿ, ಚಿತ್ರದಲ್ಲಿ ಕಾಣದಂತೆ ತಲೆಯ ಮೇಲಿಂದ ಒಂದು ಒಂದೂವರೆ ಅಡಿ ಎತ್ತರದಲ್ಲಿ ಬಾಯಿಯ ಕಡೆಗೆ ತಿರುಗಿಸಿ ಹಿಡಿಯಬೇಕು. ಹಿಡಿಯುವವನ ತೋಳು ನೋಯುತ್ತದೆ, ನಿಜ. ಬಯಲಿಗೆ ಹೋಗುವುದಾದರೆ ಗಾಳಿಯ ಗುಯ್‌ಗುಟ್ಟುವಿಕೆಯನ್ನು ತಡೆಯಲು ಮೈಕಿಗೆ ತುಪ್ಪಳದ ಟೋಪಿ ಬೇಕೇ ಬೇಕು.

ಕೋಣೆಯ ಆಯ್ಕೆಗೆ ದುಡ್ಡು ಬೇಕಾಗಿಲ್ಲ, ಕಿವಿ ಬೇಕು. ನಮ್ಮೂರಿನ ಶಾಂತೇಶ್ವರ ದೇವಾಲಯದ ಕಲ್ಲಿನ ಮಂಟಪದಲ್ಲಿ ಹಾಡಿಸಿದರೆ ಎಷ್ಟು ಚೆನ್ನ ಎಂದು ಹಲವರು ಹೇಳುತ್ತಾರೆ. ಕಣ್ಣಿಗೆ ಚೆನ್ನ. ಆದರೆ ಕಲ್ಲು ಧ್ವನಿಯನ್ನು ನುಂಗುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಒಂದು ಮಾತಿನ ಮೇಲೆ ಇನ್ನೊಂದು ಮಾತು ಬಿದ್ದು ಸಾಹಿತ್ಯವೇ ತಿಳಿಯದಂತಾಗುತ್ತದೆ. ಅಲ್ಲದೆ ಅಂಥ ಪ್ರಾಚೀನ ಸ್ಮಾರಕಗಳ ಆವರಣದಲ್ಲಿ ಲೈಟು ಸ್ಟ್ಯಾಂಡು ಹೂಡಿ ಚಿತ್ರ ತೆಗೆಯುವ ಮುನ್ನ ಇಲಾಖೆಯ ಅನುಮತಿಯನ್ನು ಕೇಳುವುದು ನಮ್ಮ ಕರ್ತವ್ಯ. ನನ್ನನ್ನು ಕೇಳಿದರೆ ಭತ್ತದ ಚೀಲಗಳನ್ನು ಒಟ್ಟಿದ ಹಗೇವಿನಂಥ ಕೋಣೆಯೇ ಉತ್ತಮ ಸ್ಟುಡಿಯೋ. ಬರಿಯ ಗೋಡೆಯಿದ್ದರೆ ಹಗ್ಗ ಕಟ್ಟಿ ನಾಲ್ಕು ಕೌದಿ ಇಳಿಬಿಟ್ಟರೆ ಸಾಕು. ಸ್ಟುಡಿಯೋದವರು ಗೋಡೆಗೆ ಬಡಿಯುವ ಫೋಮಿನ ಹಲಗೆಗಿಂತ ನಮ್ಮ ಅವ್ವಂದಿರ ದಪ್ಪ ಕೌದಿ ಏನೂ ಕಡಿಮೆಯಿಲ್ಲ.

ಇನ್ನು ಕ್ಯಾಮೆರಾ. ಕ್ಯಾಮೆರಾದ ಮೇಲೆ ನನಗೆ ಹಗೆಯಿಲ್ಲ. ಕೊಳ್ಳಬಾರದೆಂಬುದಕ್ಕೆ ಕಾರಣ ಒಂದೇ: ಅದು ಬೇಗ ಮುದಿಯಾಗುತ್ತದೆ. 2008ರಲ್ಲಿ ಕ್ಯಾನನ್ ಕಂಪನಿಯ 5ಡಿ ಮಾರ್ಕ್ 2 ಬಂದಾಗ, ಫೋಟೋ ತೆಗೆಯುವ ಕ್ಯಾಮೆರಾದಿಂದಲೇ ಸಿನಿಮಾದಂಥ ಚಿತ್ರ ಬರುತ್ತದೆಂದು ಜಗತ್ತೆಲ್ಲ ಬೆರಗಾಗಿತ್ತು. ಇಂದು ಅದಕ್ಕಿಂತ ಹೆಚ್ಚು ಸ್ಪಷ್ಟವಾದ 4ಕೆ ಚಿತ್ರವನ್ನು ನಮ್ಮ ಜೇಬಿನ ಫೋನು ತೆಗೆಯುತ್ತದೆ. ಆದರೆ ಶೂರ್ ಕಂಪನಿಯವರು 1966ರಲ್ಲಿ ಹೊರತಂದ ಎಸ್‌ಎಂ 58 ಎಂಬ ಮೈಕು ಇಂದಿಗೂ ತಯಾರಾಗುತ್ತಿದೆ, ಇಂದಿಗೂ ವೇದಿಕೆಗಳ ಮೇಲೆ ಅದೇ ಹಾಡುತ್ತಿದೆ. ಮೈಕು, ಟ್ರೈಪಾಡು, ಲೈಟಿನ ಸ್ಟ್ಯಾಂಡು ಇವು ನಮ್ಮ ಮುಂದಿನ ಹತ್ತು ತಂಡಗಳಿಗೂ ಉಪಯೋಗಕ್ಕೆ ಬರುತ್ತವೆ. ಇಂದು ಕೊಂಡ ಕ್ಯಾಮೆರಾ ನಾವು ಪದವಿ ಪತ್ರ ಪಡೆದು ಹೊರಟು ನಾಲ್ಕು ವರ್ಷವಾಗುವಷ್ಟರಲ್ಲಿ ಕಪಾಟಿನಲ್ಲಿ ಧೂಳು ತಿನ್ನುತ್ತಿರುತ್ತದೆ. ಸಾರ್ವಜನಿಕ ಹಣವೆಂದ ಮೇಲೆ ಈ ಲೆಕ್ಕ ಹಾಕಲೇಬೇಕು.

ಬಾಡಿಗೆಗೆ ತರುವಾಗ ಅಂಗಡಿಯವರು ಮೆಗಾಪಿಕ್ಸೆಲ್ಲಿನ ಮಾತು ತೆಗೆಯುತ್ತಾರೆ. ಅದನ್ನು ಬದಿಗಿಟ್ಟು ನಾಲ್ಕೈದು ಪ್ರಶ್ನೆ ಕೇಳಬೇಕು. ಹೊರಗಿನ ಮೈಕು ಸಿಕ್ಕಿಸಲು ತೂತು ಇದೆಯೇ? ಮಂದ ಬೆಳಕಿಗೆ ಎಫ್ 1.8ರಂಥ, ಬಾಯಿ ಅಗಲವಾದ ಲೆನ್ಸು ಕೊಡುತ್ತೀರಾ? ಬ್ಯಾಟರಿ ಎಷ್ಟು? ಎರಡು ಬ್ಯಾಟರಿಗೆ ಕಡಿಮೆ ಎಂದರೆ ಒಪ್ಪಬಾರದು. ನಮ್ಮ ಹಳ್ಳಿಗಳಲ್ಲಿ ಕರೆಂಟಿನ ಭರವಸೆ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಕಾರ್ಡು ಯಾವ ದರ್ಜೆಯದು? ಒಂದು ಸೆಕೆಂಡಿಗೆ 100 ಮೆಗಾಬಿಟ್ಟಿನಂತೆ ಮುದ್ರಿಸಿದರೆ ತಾಸಿಗೆ 45 ಗಿಗಾಬೈಟು ಬೇಕು. 64 ಗಿಗಾಬೈಟಿನ ಕಾರ್ಡು ಒಂದೂಕಾಲು ತಾಸಿನ ಮೇಲೆ ಹೆಚ್ಚು ಹೊತ್ತು ಬಾರದು. ಅಷ್ಟಕ್ಕೆ ವಿ30 ಎಂದು ಬರೆದ ಕಾರ್ಡು ಸಾಕು.

ಇನ್ನೊಂದು ಸೂಕ್ಷ್ಮವನ್ನು ಅಂಗಡಿಯವರೂ ಹೇಳುವುದಿಲ್ಲ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿ ಬಲ್ಬೂ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಕ್ಯಾಮೆರಾವನ್ನು ಅಮೆರಿಕೆಯ ಪದ್ಧತಿಯಂತೆ 30 ಚೌಕಟ್ಟಿಗೆ ಇಟ್ಟು, ಶಟರನ್ನು ಅರವತ್ತನೆಯ ಒಂದು ಸೆಕೆಂಡಿಗೆ ಇಟ್ಟರೆ ಚಿತ್ರದಲ್ಲಿ ಕರಿಯ ಪಟ್ಟಿಗಳು ಏರಿಳಿಯತೊಡಗುತ್ತವೆ. 25 ಚೌಕಟ್ಟು, ಐವತ್ತನೆಯ ಒಂದು ಸೆಕೆಂಡಿನ ಶಟರು, ಇದು ನಮ್ಮ ನಾಡಿನ ಲೆಕ್ಕ. ಬೇಸಗೆಯ ಬಿಸಿಲಿನಲ್ಲಿ ಈ ಶಟರಿಗೆ ಬೆಳಕು ಅತಿಯಾಗುತ್ತದೆ. ಆಗ ಲೆನ್ಸಿನ ಮುಂದೆ ಎನ್‌ಡಿ ಎಂಬ ಕಪ್ಪು ಗಾಜನ್ನು ತೊಡಿಸಬೇಕು. ಕ್ಯಾಮೆರಾಕ್ಕೆ ತಂಪು ಕನ್ನಡಕ ಹಾಕಿದಂತೆ.

ಬಾಡಿಗೆಗೂ ಹಣವಿಲ್ಲದಿದ್ದರೆ? ಯಾರಾದರೂ ಒಬ್ಬರ ಒಳ್ಳೆಯ ಫೋನು ಸಾಕು. 2015ರ ‘ಟ್ಯಾಂಜರೀನ್’ ಎಂಬ ಇಂಗ್ಲಿಷ್ ಚಲಚ್ಚಿತ್ರವನ್ನು ಐಫೋನ್ 5ಎಸ್‌ನಲ್ಲಿಯೇ ತೆಗೆದರು. ಧ್ವನಿಗೆ ಮಾತ್ರ ಅವರೂ ಬೇರೆಯೇ ಮೈಕು ಇಟ್ಟಿದ್ದರು. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯವರು 2023ರಲ್ಲಿ ಐಫೋನಿಗೂ ಮರುವರ್ಷ ಕೆಲವು ಆಂಡ್ರಾಯ್ಡ್ ಫೋನುಗಳಿಗೂ ಉಚಿತವಾಗಿ ಕೊಟ್ಟ ಕ್ಯಾಮೆರಾ ಆಪ್‌ನಲ್ಲಿ ಚೌಕಟ್ಟು, ಶಟರು, ಫೋಕಸ್ಸು ಎಲ್ಲವನ್ನೂ ಕೈಯಿಂದಲೇ ಹದ ಮಾಡಬಹುದು. ಅದೇ ಕಂಪನಿಯ ಡಾವಿಂಚಿ ರಿಸಾಲ್ವ್ ಎಂಬ ಸಂಕಲನದ ತಂತ್ರಾಂಶಕ್ಕೂ ಉಚಿತ ಆವೃತ್ತಿಯಿದೆ. ಧ್ವನಿ ಒಂದು ಯಂತ್ರದಲ್ಲಿ, ಚಿತ್ರ ಇನ್ನೊಂದರಲ್ಲಿ ಇದ್ದರೆ ಕೂಡಿಸುವುದು ಹೇಗೆ ಎಂದು ಅಂಜಬೇಕಾಗಿಲ್ಲ. ಶುರುವಿಗೆ ಕ್ಯಾಮೆರಾದ ಮುಂದೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಬೇಕು. ಕೈ ಕೂಡಿದ ಚೌಕಟ್ಟನ್ನೂ ಧ್ವನಿಯ ಆ ಮೊನೆಯನ್ನೂ ಒಂದರ ಕೆಳಗೆ ಒಂದು ತಂದಿಟ್ಟರೆ ಹಾಡು ಪೂರ್ತಿ ಹೊಂದುತ್ತದೆ.

ಬೆಳಕಿನ ವಿಷಯದಲ್ಲಿ ಎದುರು ಪಕ್ಷದವರಿಗೆ ನಾನು ಅರ್ಧ ಶರಣು. ಚಿತ್ರ ಕಪ್ಪಾಗಿ ಮಸುಕಾಗಿದ್ದರೆ ಯಾರೂ ಹಾಡನ್ನು ಕೇಳುವವರೆಗೆ ನಿಲ್ಲುವುದಿಲ್ಲ ಎಂಬ ಅವರ ಮಾತು ದಿಟ. ಆದರೆ ಆ ಮಸುಕು ಹೋಗುವುದು ದುಬಾರಿ ಕ್ಯಾಮೆರಾದಿಂದಲ್ಲ, ಬೆಳಕಿನಿಂದ. ಬ್ಯಾಟರಿಯಿಂದ ಉರಿಯುವ ಎರಡು ಎಲ್‌ಇಡಿ ಲೈಟುಗಳನ್ನು ಕೊಂಡು, ಬಿಳಿಯ ಧೋತರವೊಂದನ್ನು ಅಡ್ಡ ಕಟ್ಟಿ ಅದರ ಮೂಲಕ ಬೆಳಕು ಹಾಯಿಸಿದರೆ ಮುಖದ ಮೇಲೆ ಹಾಲು ಸುರಿದಂತೆ ಬೀಳುತ್ತದೆ. ಹೊತ್ತು ಮೂಡಿದ ಮೊದಲ ತಾಸು ದೇವರು ಕೊಟ್ಟ ಲೈಟು. ಅದಕ್ಕೆ ಬಾಡಿಗೆಯಿಲ್ಲ, ಬೇಗ ಏಳಬೇಕು ಅಷ್ಟೆ. ಡ್ರೋನಿನ ಹುಚ್ಚು ಕೆಲವರಿಗೆ ಹಿಡಿದಿದೆ. 2021ರ ಡ್ರೋನ್ ನಿಯಮಗಳನ್ನು ಓದಿದ ಮೇಲೂ ಅದು ಇಳಿಯದಿದ್ದರೆ, ಬೀಸುವ ಕಲ್ಲನ್ನು ನಾನೂರು ಅಡಿ ಎತ್ತರದಿಂದ ನೋಡಿ ಏನು ಮಾಡುವುದೆಂದು ನಾನು ಕೇಳುತ್ತೇನೆ.

ಹಾನಗಲ್ಲ ಸೀಮೆ ಅರೆಮಲೆನಾಡು. ಆಷಾಢ ಶ್ರಾವಣದ ಥಂಡಿಯಲ್ಲಿ ಲೆನ್ಸಿನೊಳಗೆ ಬೂಸಲು ಕಟ್ಟುತ್ತದೆ. ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿ ಇಡಬೇಕು. ಯಾರೋ ಹೇಳುವಂತೆ ಅಕ್ಕಿಯಲ್ಲಿ ಹೂಳಿದರೆ ಧೂಳು ಸೇರುತ್ತದೆ. ಈ ಜವಾಬ್ದಾರಿ ಯಾರದೆಂಬುದನ್ನೂ ಸಂಘ ಗೊತ್ತುಪಡಿಸಬೇಕು.

ಮುದ್ರಣವಾದ ಮೇಲಿನ ಕೆಲಸವನ್ನೂ ಈಗಲೇ ಯೋಚಿಸಬೇಕು. ಮೂಲ ಧ್ವನಿಯನ್ನು ಒಂದೇ ಡಿಸ್ಕಿನಲ್ಲಿ ಇಡದೆ ಎರಡರಲ್ಲಿ, ಎರಡು ಬೇರೆ ಬೇರೆ ಕಡೆ ಇಡಬೇಕು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿಯೇ ಇದೆ. ನಮ್ಮ ಮುದ್ರಣಗಳ ಒಂದು ಪ್ರತಿಯನ್ನು ಅಲ್ಲಿಗೆ ಒಯ್ದು ಕೊಡಲು ಅಧ್ಯಾಪಕರು ದಾರಿ ತೋರಬೇಕೆಂದು ಪ್ರಾರ್ಥಿಸುತ್ತೇನೆ. ಹಾಡಿದವರ ಹೆಸರನ್ನು ಚಿತ್ರದ ಮೊದಲಲ್ಲಿಯೇ ಹಾಕಬೇಕು. ಅವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಯೂಟ್ಯೂಬಿಗೆ ಏರಿಸಬೇಕು. ಹಾಡುವವರಿಗೂ ತಮ್ಮ ಹಾಡಿನ ಮೇಲೆ ಹಕ್ಕುಂಟೆಂದು ನಮ್ಮ ಕೃತಿಸ್ವಾಮ್ಯದ ಕಾಯಿದೆಯೇ 1994ರ ತಿದ್ದುಪಡಿಯಲ್ಲಿ ಒಪ್ಪಿಕೊಂಡಿದೆ.

ಸಂಘದ ಸಭೆ ಮುಂದಿನ ತಿಂಗಳು ಮತ್ತೆ ಸೇರಲಿದೆ. ಅಷ್ಟರಲ್ಲಿ ನಾನೂ ಗೆಳೆಯನೂ ಅಜ್ಜಿಯ ಮನೆಗೆ ಹೋಗಿ ಬಂದೆವು. ಕಳೆದ ವರ್ಷದ ತಪ್ಪನ್ನು ಒಪ್ಪಿಕೊಂಡು, ಇನ್ನೊಮ್ಮೆ ಹಾಡುತ್ತೀರಾ ಎಂದು ಕೇಳಿದೆವು. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಮೊಮ್ಮಗನ ಕೈಗೆ ಮೊರ ಕೊಟ್ಟು ಜೋಳ ಹಸನು ಮಾಡಲು ಹಚ್ಚಿದರು. ಆಮೇಲೆ, “ಆ ದೊಡ್ಡ ಕ್ಯಾಮೆರಾ ತರ್ತೀರೇನು?” ಎಂದರು. “ಇಲ್ಲಜ್ಜಿ, ಈ ಸಲ ಮೈಕು ತರ್ತೀವಿ” ಎಂದೆ. “ಹಂಗಾದ್ರ ಸೋಮವಾರ ನಸಿಕಿನ್ಯಾಗ ಬರ್ರಿ. ಅವತ್ತು ಗಿರಣಿ ಬಂದ್ ಇರತೈತಿ” ಎಂದು ಹೇಳಿ ಒಳಗೆ ಹೋದರು.